ಕ್ಯಾಮೆರಾದಲ್ಲೇ ಫೋಟೊ ತಿದ್ದುವುದು: ಯಾವುದು ಮೊದಲು, ಯಾವುದು ಆಮೇಲೆ

ಕ್ಯಾಮೆರಾದಲ್ಲೇ ಫೋಟೊ ತಿದ್ದಬಹುದು ಅಂತ ಗೊತ್ತಾದ ದಿನ ಎಲ್ಲರೂ ಒಂದೇ ಕೆಲಸ ಮಾಡುತ್ತಾರೆ. ರಿಟಚ್ ಮೆನು ತೆರೆದು ಮೇಲಿಂದ ಕೆಳಗೆ ಒಂದೊಂದಾಗಿ ಒತ್ತುತ್ತಾ ಹೋಗುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ನೋಡಿದರೆ ಕಾರ್ಡ್‌ನಲ್ಲಿ ಒಂದೇ ಫೋಟೊದ ಆರು ಪ್ರತಿ. ಒಂದರಲ್ಲಿ ಬೆಳಕು ಸರಿಯಾಗಿದೆ, ಇನ್ನೊಂದರಲ್ಲಿ ಓರೆ ಹೋಗಿದೆ, ಮತ್ತೊಂದರಲ್ಲಿ ಬೇಡದ್ದನ್ನು ಕತ್ತರಿಸಿದ್ದಾಗಿದೆ. ಎಲ್ಲವೂ ಸರಿ ಇರುವ ಫೋಟೊ ಮಾತ್ರ ಒಂದೂ ಇಲ್ಲ.

ನನ್ನ ಹತ್ತಿರ ಕ್ಯಾಮೆರಾ ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರ ತಕರಾರು ಇದೇ. ಗುಂಡಿ ಒತ್ತುವುದು ಅವರಿಗೆ ಬರುತ್ತದೆ. ಎಡವುವುದು ಅನುಕ್ರಮದಲ್ಲಿ. ನಿಕಾನ್‌ನ ಹಲವು ಡಿಎಸ್‌ಎಲ್‌ಆರ್‌ಗಳಲ್ಲಿ ಮೆನುವಿನ ಮೊದಲ ಸಾಲು ಡಿ-ಲೈಟಿಂಗ್ (ಕತ್ತಲೆಯ ಭಾಗ ಬೆಳಗಿಸುವುದು), ಮೂರನೇದು ಟ್ರಿಮ್ (ಕತ್ತರಿಸುವುದು). ಎಲ್ಲಕ್ಕಿಂತ ಮೊದಲು ಮಾಡಬೇಕಾದ ರಾ ಪ್ರೊಸೆಸಿಂಗ್ (ಕ್ಯಾಮೆರಾ ಹಿಡಿದ ಕಚ್ಚಾ ಫೈಲಿನಿಂದ ಫೋಟೊ ಮಾಡುವುದು) ಎಷ್ಟೋ ಕೆಳಗೆ ಕೂತಿದೆ. ಮೆನುವಿನ ಸಾಲು ಬೇರೆ, ಕೆಲಸದ ಸಾಲು ಬೇರೆ.

ಇಲ್ಲಿ ನಿಕಾನ್ ಡಿ5300, ಡಿ7200 ತರಹದ ಕ್ಯಾಮೆರಾಗಳ ಹೆಸರುಗಳನ್ನು ಇಟ್ಟುಕೊಂಡು ಹೇಳುತ್ತೇನೆ. ಬೇರೆ ಕಂಪನಿಯದ್ದಾದರೆ ಹೆಸರು ಬದಲಾಗುತ್ತದೆ, ಅನುಕ್ರಮ ಇದೇ. ಉದಾಹರಣೆಗೆ ಒಂದೇ ಫೋಟೊ ಸಾಕು. ನಮ್ಮಜ್ಜಿ ಬಾಗಿಲ ಹತ್ತಿರ ಕೂತು ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾರೆ. ಬೆನ್ನ ಹಿಂದೆ ಅಂಗಳದ ಬಿಸಿಲು ಚುರುಚುರು ಅನ್ನುತ್ತಿದೆ. ಹಾಗಾಗಿ ಮುಖ ಕಪ್ಪು. ಬಾಗಿಲ ಚೌಕಟ್ಟು ಬಲಕ್ಕೆ ವಾಲಿದೆ. ಎಡ ಮೂಲೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್. ಈ ಫೋಟೊ 8×10 ಇಂಚಿನ ಪ್ರಿಂಟ್ ಆಗಿ ಗೋಡೆಗೆ ಹೋಗಬೇಕು.

## ಹಂತ 1: ಶುರು ಮಾಡುವ ಮೊದಲು

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ತಿದ್ದುವಷ್ಟು ಹೊತ್ತೂ ಹಿಂದಿನ ಪರದೆ ಉರಿಯುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕಾರ್ಡ್‌ನಲ್ಲಿ ಜಾಗ ಇದೆಯಾ ನೋಡಿ. ಕ್ಯಾಮೆರಾ ಮೂಲ ಫೋಟೊವನ್ನು ಮುಟ್ಟುವುದಿಲ್ಲ, ಪ್ರತಿ ಸಲ ಹೊಸ ಪ್ರತಿ ಬರೆಯುತ್ತದೆ. ಎಸ್‌ಡಿ ಕಾರ್ಡ್‌ನ ಪಕ್ಕದಲ್ಲಿರುವ ಪುಟ್ಟ ಲಾಕ್ ಕೆಳಗೆ ಜಾರಿದ್ದರೆ ಬರೆಯೋಕೇ ಆಗುವುದಿಲ್ಲ. ತಿದ್ದಿದ್ದು ಸೇವ್ ಆಗ್ತಿಲ್ಲ ಅಂತ ಗಾಬರಿಯಾಗುವ ಮುಂಚೆ ಅದನ್ನೊಮ್ಮೆ ನೋಡಿ.

ಮೂಲ ಫೋಟೊಗೆ ಬೀಗದ ಕೈ ಚಿತ್ರ ಇರುವ ಪ್ರೊಟೆಕ್ಟ್ ಗುಂಡಿ ಒತ್ತಿಬಿಡಿ. ಡಿಲೀಟ್ ಒತ್ತುವಾಗ ಕೈತಪ್ಪಿದರೂ ಅದು ಉಳಿಯುತ್ತದೆ. ಆದರೆ ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಪ್ರೊಟೆಕ್ಟ್ ಇದ್ದದ್ದೂ ಹೋಗುತ್ತದೆ, ನೆನಪಿರಲಿ.

ಇನ್ನೊಂದು ಸಿದ್ಧತೆಯನ್ನು ಹೆಚ್ಚಿನವರು ಬಿಡುತ್ತಾರೆ. ಪ್ಲೇಬ್ಯಾಕ್ ಮೆನುವಿನಲ್ಲಿ ಪ್ಲೇಬ್ಯಾಕ್ ಡಿಸ್‌ಪ್ಲೇ ಆಪ್ಷನ್ಸ್‌ಗೆ ಹೋಗಿ ಹೈಲೈಟ್ಸ್ (ಸುಟ್ಟುಹೋದ ಬಿಳಿ ಜಾಗ ತೋರಿಸುವುದು) ಮತ್ತು ಹಿಸ್ಟೋಗ್ರಾಂ (ಫೋಟೊದಲ್ಲಿ ಕತ್ತಲೆ, ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ) ಎರಡಕ್ಕೂ ಟಿಕ್ ಹಾಕಿ. ಫೋಟೊ ನೋಡುವಾಗ ಮೇಲೆ ಕೆಳಗೆ ಒತ್ತಿದರೆ ಇವು ಬರುತ್ತವೆ. ಕ್ಯಾಮೆರಾದ ಪರದೆಯನ್ನು ಕಣ್ಣುಮುಚ್ಚಿ ನಂಬಬೇಡಿ. ರಾತ್ರಿ ದೀಪ ಆರಿಸಿ ಹಾಸಿಗೆಯಲ್ಲಿ ಕೂತು ನೋಡಿದರೆ ಫೋಟೊ ಬೆಳ್ಳಗೆ ಕಾಣುತ್ತದೆ, ಬಿಸಿಲಲ್ಲಿ ನೋಡಿದರೆ ಅದೇ ಫೋಟೊ ಮಂಕು. ಹಿಸ್ಟೋಗ್ರಾಂ ಎರಡೂ ಕಡೆ ಒಂದೇ ಮಾತು ಹೇಳುತ್ತದೆ.

## ಹಂತ 2: ಒಳಗೆ ಹೋಗುವ ದಾರಿ ಸರಿ ಇರಲಿ

ಆರು ಪ್ರತಿ ಆಗುವುದರ ಮೂಲ ಇಲ್ಲಿದೆ. ರಿಟಚ್‌ಗೆ ಎರಡು ದಾರಿ. ಮೆನು ಗುಂಡಿ ಒತ್ತಿ ರಿಟಚ್ ಮೆನುವಿಗೆ ಹೋಗಿ, ಮೊದಲು ಎಫೆಕ್ಟ್ ಆರಿಸಿ ಆಮೇಲೆ ಫೋಟೊ ಆರಿಸುವುದು ಒಂದು. ಫೋಟೊ ತೆರೆದು ಅಲ್ಲಿಂದಲೇ ರಿಟಚ್‌ಗೆ ಹೋಗುವುದು ಇನ್ನೊಂದು. ಹಳೆಯ ಮಾಡೆಲ್‌ಗಳಲ್ಲಿ ಇದಕ್ಕೆ ಓಕೆ ಗುಂಡಿ, ಹೊಸದರಲ್ಲಿ 'ಐ' ಗುಂಡಿ.

ಎರಡನೇ ದಾರಿಯನ್ನೇ ಹಿಡಿಯಿರಿ. ಮೊದಲನೇ ದಾರಿಯಲ್ಲಿ ಪ್ರತಿ ಸಲ ಫೋಟೊಗಳ ಸಾಲು ಎದುರಿಗೆ ಬರುತ್ತದೆ. ನೀವು ಅಭ್ಯಾಸಬಲದಿಂದ ಮತ್ತೆ ಮೂಲ ಫೋಟೊವನ್ನೇ ಆರಿಸುತ್ತೀರಿ. ಅಲ್ಲಿಗೆ ಹಿಂದಿನ ತಿದ್ದುಪಡಿ ಒಂದು ಪ್ರತಿಯಲ್ಲಿ, ಈಗಿನದು ಇನ್ನೊಂದು ಪ್ರತಿಯಲ್ಲಿ. ಎರಡೂ ಸೇರುವುದೇ ಇಲ್ಲ. ಫೋಟೊದಿಂದ ಒಳಗೆ ಹೋದರೆ, ಸೇವ್ ಆದ ಕೂಡಲೇ ಹೊಸ ಪ್ರತಿ ಪರದೆ ಮೇಲೆ ಬರುತ್ತದೆ. ಮುಂದಿನ ಹಂತಕ್ಕೆ ಅಲ್ಲಿಂದಲೇ ಹೋಗಬಹುದು.

ಯಾವುದು ಪ್ರತಿ, ಯಾವುದು ಮೂಲ ಅಂತ ಗೊಂದಲ ಆದರೆ ಗುರುತು ಹುಡುಕಿ. ತಿದ್ದಿದ ಪ್ರತಿಯ ಮೇಲೆ ರಿಟಚ್‌ನ ಚಿಕ್ಕ ಚಿತ್ರ ಇರುತ್ತದೆ. ಫೈಲ್ ಹೆಸರಿನಲ್ಲೂ ಸುಳಿವು ಇದೆ: ಮೂಲದ ಹೆಸರು 'ಡಿಎಸ್‌ಸಿ' ಅಂತ ಶುರುವಾದರೆ, ತಿದ್ದಿದ್ದು 'ಸಿಎಸ್‌ಸಿ' ಅಂತ.

ಕೆಲವು ಸಾಲುಗಳು ಬೂದು ಬಣ್ಣಕ್ಕೆ ತಿರುಗಿ ಒತ್ತೋಕೆ ಆಗದಂತೆ ಕಾಣುತ್ತವೆ. ಕ್ಯಾಮೆರಾ ಕೆಟ್ಟಿಲ್ಲ, ಆ ಫೋಟೊಗೆ ಆ ಕೆಲಸ ಹೊಂದುವುದಿಲ್ಲ ಅಂತ ಅರ್ಥ, ಅಷ್ಟೇ. ಸಾಮಾನ್ಯ ಕಾರಣಗಳು ಇವು: ಇಮೇಜ್ ಓವರ್‌ಲೇ (ಎರಡು ರಾ ಫೋಟೊಗಳನ್ನು ಒಂದರ ಮೇಲೊಂದು ಸೇರಿಸುವುದು) ಬಿಟ್ಟರೆ ಬಹುತೇಕ ಎಫೆಕ್ಟ್‌ಗಳು ಒಂದು ಫೋಟೊಗೆ ಒಂದೇ ಸಲ, ಕೆಂಗಣ್ಣು ತಿದ್ದೋದು ಫ್ಲ್ಯಾಶ್ ಹಾಕಿ ತೆಗೆದ ಫೋಟೊಗೆ ಮಾತ್ರ, ರಾ ಪ್ರೊಸೆಸಿಂಗ್ ರಾ ಫೈಲ್‌ಗೆ ಮಾತ್ರ. ಕಂಪ್ಯೂಟರ್‌ನಲ್ಲಿ ಒಮ್ಮೆ ತಿದ್ದಿ ಮತ್ತೆ ಕಾರ್ಡ್‌ಗೆ ಹಾಕಿದ ಫೋಟೊವನ್ನೂ, ಬೇರೆ ಕ್ಯಾಮೆರಾದಲ್ಲಿ ತೆಗೆದ ಫೋಟೊವನ್ನೂ ಕ್ಯಾಮೆರಾ ಒಪ್ಪಿಕೊಳ್ಳದೇ ಇರಬಹುದು.

## ಹಂತ 3: ರಾ ಪ್ರೊಸೆಸಿಂಗ್. ಇಲ್ಲಿ ಆತುರ ಬೇಡ

ಫೋಟೊ ರಾ ಆಗಿ, ಅಂದರೆ ನಿಕಾನ್‌ನ ಎನ್‌ಇಎಫ್ ಆಗಿ ತೆಗೆದಿದ್ದರೆ ನಿಮ್ಮ ಅರ್ಧ ಕೆಲಸ ಇಲ್ಲೇ ಮುಗಿಯಬೇಕು. ರಾ ಫೈಲ್‌ನಲ್ಲಿ ಸೆನ್ಸರ್ ಹಿಡಿದ ಪೂರ್ತಿ ಮಾಹಿತಿ ಇನ್ನೂ ಕುಗ್ಗದೆ ಇರುತ್ತದೆ. ಇದನ್ನೂ ಇಮೇಜ್ ಓವರ್‌ಲೇಯನ್ನೂ ಬಿಟ್ಟು ಬೇರೆ ಯಾವ ಎಫೆಕ್ಟ್ ಒತ್ತಿದರೂ ಕ್ಯಾಮೆರಾ ಮೊದಲು ಅದನ್ನು ಜೆಪೆಗ್ ಮಾಡಿಕೊಂಡು ಪ್ರತಿ ಕೊಡುತ್ತದೆ. ಆಮೇಲೆ ಆ ಪ್ರತಿಯಿಂದ ರಾ ಪ್ರೊಸೆಸಿಂಗ್‌ಗೆ ವಾಪಸ್ ಬರೋಕೆ ಆಗುವುದಿಲ್ಲ. ರಾ ಮತ್ತು ಜೆಪೆಗ್ ಎರಡೂ ಒಟ್ಟಿಗೆ ತೆಗೆದಿದ್ದರೆ ಈ ಕ್ಯಾಮೆರಾಗಳು ರಾ ಫೈಲನ್ನೇ ತಿದ್ದುತ್ತವೆ, ಜೊತೆಯ ಜೆಪೆಗ್ ಇದ್ದ ಹಾಗೇ ಇರುತ್ತದೆ.

ಎನ್‌ಇಎಫ್ (ರಾ) ಪ್ರೊಸೆಸಿಂಗ್ ತೆರೆದರೆ ಒಂದರ ಕೆಳಗೆ ಒಂದು ಪಟ್ಟಿ ಬರುತ್ತದೆ. ಇಮೇಜ್ ಕ್ವಾಲಿಟಿಯನ್ನು ಫೈನ್, ಸೈಜನ್ನು ಲಾರ್ಜ್‌ಗೆ ಇಟ್ಟು ಮರೆತುಬಿಡಿ. ಚಿಕ್ಕದು ಮಾಡುವ ಕೆಲಸ ಈಗಲ್ಲ.

ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿ ಮಾಡುವುದು. ಬಣ್ಣ ಸರಿ ಮಾಡದೆ ಬೆಳಕು ತಿದ್ದೋಕೆ ಹೋದರೆ ಮುಖ ಯಾಕೋ ಸಪ್ಪೆ ಅನ್ನಿಸಿ ಸುಮ್ನೆ ಬೆಳಕು ಏರಿಸುತ್ತಲೇ ಇರುತ್ತೀರಿ. ಅಜ್ಜಿಯ ಫೋಟೊದಲ್ಲಿ ಆಟೊ ಇದ್ದದ್ದರಿಂದ ಕ್ಯಾಮೆರಾ ಅಂಗಳದ ಬಿಸಿಲನ್ನೇ ಲೆಕ್ಕ ಹಿಡಿದಿತ್ತು. ನೆರಳಿನಲ್ಲಿದ್ದ ಮುಖಕ್ಕೆ ನೀಲಿ ಛಾಯೆ ಬಂದಿತ್ತು. ಶೇಡ್‌ಗೆ ಹಾಕಿದೆ, ಅಂದರೆ ಸುಮಾರು 8000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಇಲ್ಲಿ ಅಂಕಿ ಏರಿಸಿದಷ್ಟೂ ಫೋಟೊ ಹಳದಿಯಾಗುತ್ತದೆ). ಅಜ್ಜಿ ಎಣ್ಣೆ ಅರಿಶಿನ ಹಚ್ಚಿಕೊಂಡು ಕೂತ ಹಾಗೆ ಕಂಡರು. ಕ್ಲೌಡಿ, ಸುಮಾರು 6000 ಕೆಲ್ವಿನ್, ಸರಿ ಹೋಯಿತು. ನೋಡಬೇಕಾದದ್ದು ಮುಖವನ್ನಲ್ಲ, ಬೆಳ್ಳಗಿರುವ ವಸ್ತುವನ್ನು. ನಾನು ಅವರ ತಲೆಗೂದಲು ನೋಡಿ ತೀರ್ಮಾನ ಮಾಡಿದೆ. ಕೂದಲು ಬೆಳ್ಳಿ ಬಣ್ಣಕ್ಕೆ ಬಂದಾಗ ಸೀರೆ, ಮೊರ, ಅವರೆಕಾಯಿ ಎಲ್ಲವೂ ತಾವಾಗಿಯೇ ಸರಿಯಾದವು.

ಆಮೇಲೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್. ಇಲ್ಲಿ ಮೈನಸ್ 2ರಿಂದ ಪ್ಲಸ್ 2ರವರೆಗೆ ಹೋಗಬಹುದು. ಪೂರ್ತಿ ಏರಿಸಬೇಡಿ. ಪ್ಲಸ್ 1 ಕೊಟ್ಟಾಗ ಅಜ್ಜಿಯ ಮುಖ ಬೆಳಗಿತು, ಆದರೆ ಅಂಗಳ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ರಂಗೋಲಿಯೇ ಮಾಯವಾಯಿತು. ಪ್ಲಸ್ 0.3ಕ್ಕೆ ಇಳಿಸಿದೆ. ಉಳಿದ ಕತ್ತಲೆಯನ್ನು ಮುಂದಿನ ಹಂತ ನೋಡಿಕೊಳ್ಳುತ್ತದೆ. ಎಕ್ಸ್‌ಪೋಶರ್ ಇಡೀ ಫೋಟೊವನ್ನು ಎತ್ತುತ್ತದೆ, ಡಿ-ಲೈಟಿಂಗ್ ಕತ್ತಲೆಯ ಭಾಗವನ್ನು ಎತ್ತುತ್ತದೆ. ಈ ವ್ಯತ್ಯಾಸ ತಲೆಯಲ್ಲಿ ಕೂತರೆ ಅರ್ಧ ತಪ್ಪು ಕಡಿಮೆಯಾಗುತ್ತದೆ.

ಮೂರನೆಯದು ಪಿಕ್ಚರ್ ಕಂಟ್ರೋಲ್, ಅಂದರೆ ಬಣ್ಣ, ಕಾಂಟ್ರಾಸ್ಟ್‌ಗಳ ಸಿದ್ಧ ಜೋಡಣೆಗಳು. ಜನರ ಫೋಟೊಗೆ ವಿವಿಡ್ ಬೇಡ. ಪೋರ್ಟ್ರೇಟ್ ಅಥವಾ ಸ್ಟ್ಯಾಂಡರ್ಡ್ ಸಾಕು. ಮದುವೆ ಫೋಟೊಗಳಿಗೆ ವಿವಿಡ್ ಹಾಕಿ ಕೆಂಪು ಸೀರೆಯ ಜರಿಯೆಲ್ಲ ಒಂದೇ ಮುದ್ದೆಯಾದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕಪ್ಪು ಬಿಳುಪು ಬೇಕಿದ್ದರೆ ಅದನ್ನೂ ಇಲ್ಲೇ ಮಾಡಿ, ಮಾನೋಕ್ರೋಮ್ ಆರಿಸಿ. ಅದರೊಳಗೆ ಹಳದಿ, ಕಿತ್ತಳೆ, ಕೆಂಪು, ಹಸಿರು ಫಿಲ್ಟರ್‌ಗಳಿವೆ. ಕೆಂಪು ಫಿಲ್ಟರ್ ನೀಲಿ ಆಕಾಶವನ್ನು ಕಡು ಮಾಡುತ್ತದೆ, ಮೋಡ ಎದ್ದು ಕಾಣುತ್ತದೆ. ರಿಟಚ್ ಮೆನುವಿನ ಬೇರೆ ಮಾನೋಕ್ರೋಮ್‌ನಲ್ಲಿ ಈ ಹಿಡಿತ ಇಲ್ಲ. ಜೊತೆಗೆ ಬಣ್ಣ ಒಮ್ಮೆ ಹೋಯಿತೆಂದರೆ ಬಣ್ಣಕ್ಕೆ ಸಂಬಂಧಪಟ್ಟ ಸಾಲುಗಳು ಬೂದಾಗುತ್ತವೆ.

ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ (ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ, ಏರಿಸಿದ್ದರಿಂದ ಬರುವ ಚುಕ್ಕೆಗಳನ್ನು ಕಡಿಮೆ ಮಾಡುವುದು) ಬಗ್ಗೆ ಒಂದೇ ಮಾತು: ವಯಸ್ಸಾದವರ ಮುಖ ಇದ್ದರೆ ಲೋ ಇಡಿ. ಹೈ ಇಟ್ಟರೆ ಸುಕ್ಕುಗಳೆಲ್ಲ ಮೇಣದ ಹಾಗೆ ಜಾರುತ್ತವೆ.

ಎಲ್ಲ ಆದ ಮೇಲೆ ಪರದೆಯಲ್ಲಿ ಕಾಣುವ 'ಇಎಕ್ಸ್‌ಇ'ಗೆ ಹೋಗಿ ಒತ್ತಿ. ಅದನ್ನು ಒತ್ತದೆ ಮೆನುವಿನಿಂದ ಹೊರಗೆ ಬಂದರೆ ಮಾಡಿದ್ದೆಲ್ಲ ವ್ಯರ್ಥ, ಕ್ಯಾಮೆರಾ ಒಂದು ಮಾತೂ ಹೇಳದೆ ಬಿಟ್ಟುಬಿಡುತ್ತದೆ. ನಾನೇ ಎರಡು ಸಲ ಹೀಗೆ ಕಳೆದುಕೊಂಡಿದ್ದೇನೆ.

ಜೆಪೆಗ್ ಮಾತ್ರ ತೆಗೆದವರು ಈ ಹಂತ ಬಿಟ್ಟು ಮುಂದೆ ಹೋಗಿ. ಮುಂದಿನ ಸಲ ಬೆಳಕು ಕಷ್ಟದ ಜಾಗದಲ್ಲಿದ್ದಾಗ ರಾ ಪ್ಲಸ್ ಜೆಪೆಗ್ ಇಟ್ಟುಕೊಳ್ಳಿ.

## ಹಂತ 4: ಡಿ-ಲೈಟಿಂಗ್

ಈಗ ಬಂದ ಜೆಪೆಗ್ ಪ್ರತಿಯಿಂದಲೇ ಮುಂದುವರಿಯಿರಿ. ಡಿ-ಲೈಟಿಂಗ್‌ನಲ್ಲಿ ಲೋ, ನಾರ್ಮಲ್, ಹೈ ಅಂತ ಮಟ್ಟಗಳಿವೆ. ಎಡಕ್ಕೆ ಮೊದಲಿನದು, ಬಲಕ್ಕೆ ತಿದ್ದಿದ್ದು, ಎರಡೂ ಅಕ್ಕಪಕ್ಕ ಕಾಣುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಇದು ರಾ ಪ್ರೊಸೆಸಿಂಗ್ ಪಟ್ಟಿಯೊಳಗೇ ಇದೆ. ಹಾಗಿದ್ದರೆ ಅಲ್ಲೇ ಮುಗಿಸಿ, ಒಂದು ಜೆಪೆಗ್ ಸೇವ್ ಉಳಿಯುತ್ತದೆ.

ಆಕ್ಟಿವ್ ಡಿ-ಲೈಟಿಂಗ್ ಬೇರೆ. ಅದನ್ನು ಫೋಟೊ ತೆಗೆಯುವ ಮುಂಚೆ ಹಾಕಬೇಕು. ಹೆಸರು ಹೆಚ್ಚುಕಮ್ಮಿ ಒಂದೇ ಇಟ್ಟು ಜನರನ್ನು ಗೊಂದಲ ಮಾಡಿದ್ದಾರೆ ಅನ್ನೋದು ನನ್ನ ದೂರು.

ಹೈ ಒತ್ತಿದರೆ ಮೊದಲ ನೋಟಕ್ಕೆ ಖುಷಿಯಾಗುತ್ತದೆ. ಸೇವ್ ಮಾಡುವ ಮುಂಚೆ ಎರಡು ಲಕ್ಷಣ ನೋಡಿ. ಕಪ್ಪು ಕೂದಲು ಬೂದು ಬೂದಾಗಿ ಕಂಡರೆ ಜಾಸ್ತಿಯಾಯಿತು. ನೆರಳಿನ ಗೋಡೆಯ ಮೇಲೆ ಕೆಂಪು ಹಸಿರು ರವೆ ಚೆಲ್ಲಿದ ಹಾಗೆ ಚುಕ್ಕೆ ಕಂಡರೂ ಜಾಸ್ತಿಯಾಯಿತು. ಐಎಸ್‌ಒ ಹೆಚ್ಚಿಟ್ಟು ತೆಗೆದ ಫೋಟೊದಲ್ಲಿ ಈ ಚುಕ್ಕೆ ಬೇಗ ಬರುತ್ತದೆ. ಅಜ್ಜಿಯ ಫೋಟೊಗೆ ನಾರ್ಮಲ್ ಸಾಕಾಯಿತು. ಮುಖ ತುಸು ಕತ್ತಲೆಯಲ್ಲೇ ಇದೆ, ಇರಲಿ. ಬಾಗಿಲ ಒಳಗೆ ಕೂತವರ ಮುಖ ಅಂಗಳದಷ್ಟೇ ಬೆಳಗಿದರೆ ನೋಡಿದವರಿಗೆ ಏನೋ ಎಡವಟ್ಟು ಅನ್ನಿಸುತ್ತದೆ.

ಸೇವ್ ಆದ ಮೇಲೆ ಹೈಲೈಟ್ಸ್ ಪರದೆ ತೆರೆಯಿರಿ. ಸುಟ್ಟುಹೋದ ಬಿಳಿ ಜಾಗ ಮಿಣುಕುತ್ತದೆ. ಅಂಗಳದ ಒಂದು ಮೂಲೆ ಮಿಣುಕಿದರೆ ಚಿಂತೆಯಿಲ್ಲ. ಹಣೆ, ಮೂಗು, ಬಿಳಿ ಸೀರೆ ಮಿಣುಕಿದರೆ ಈ ಪ್ರತಿ ಬೇಡ, ಹಂತ 3ಕ್ಕೆ ಹಿಂದಿರುಗಿ ಎಕ್ಸ್‌ಪೋಶರ್ ಇಳಿಸಿ. ಜೆಪೆಗ್‌ನಲ್ಲಿ ಸುಟ್ಟ ಬಿಳಿಯನ್ನು ಯಾವ ಎಫೆಕ್ಟೂ ವಾಪಸ್ ತರುವುದಿಲ್ಲ.

ಕ್ವಿಕ್ ರಿಟಚ್ ಅಂತ ಒಂದಿದೆ. ಅದು ಕಾಂಟ್ರಾಸ್ಟ್, ಬಣ್ಣದ ಗಾಢತೆ ಏರಿಸಿ ಡಿ-ಲೈಟಿಂಗನ್ನೂ ತಾನೇ ಹಾಕುತ್ತದೆ. ಡಿ-ಲೈಟಿಂಗ್ ಮಾಡಿದ ಮೇಲೆ ಅದರ ಕಡೆ ಹೋಗಬೇಡಿ. ಎರಡು ಸಲ ಉಪ್ಪು ಹಾಕಿದ ಸಾರಿನ ಗತಿಯಾಗುತ್ತದೆ.

## ಹಂತ 5: ಕೆಂಗಣ್ಣು

ಫ್ಲ್ಯಾಶ್ ಹಾಕಿದ್ದರೆ ಮಾತ್ರ. ರೆಡ್-ಐ ಕರೆಕ್ಷನ್ ಒತ್ತಿ, ಆಮೇಲೆ ಝೂಮ್ ಮಾಡಿ ಕಣ್ಣು ಮಾತ್ರವಲ್ಲ, ಹಣೆಯ ಕುಂಕುಮವನ್ನೂ ನೋಡಿ. ಕ್ಯಾಮೆರಾ ಒಮ್ಮೊಮ್ಮೆ ಬೇರೆ ಜಾಗವನ್ನು ಕಣ್ಣು ಅಂದುಕೊಂಡು ತಿದ್ದಿಬಿಡುತ್ತದೆ.

## ಹಂತ 6: ಓರೆ ತಿದ್ದುವುದು

ಸ್ಟ್ರೇಟನ್ ತೆರೆದು ಬಲಕ್ಕೆ ಒತ್ತಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಡಕ್ಕೆ ಒತ್ತಿದರೆ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಒಂದು ಒತ್ತಿಗೆ ಸುಮಾರು 0.25 ಡಿಗ್ರಿ, ಹೆಚ್ಚೆಂದರೆ 5 ಡಿಗ್ರಿ. ನಮ್ಮ ಬಾಗಿಲಿಗೆ ಎಡಕ್ಕೆ ಆರು ಒತ್ತು, ಅಂದರೆ ಒಂದೂವರೆ ಡಿಗ್ರಿ, ಸಾಕಾಯಿತು. ಪರದೆಯ ಮೇಲಿನ ಗೆರೆಗಳಿಗೆ ಚೌಕಟ್ಟನ್ನು ಹೊಂದಿಸಿ ನೋಡಿ. ಐದು ಡಿಗ್ರಿಯಲ್ಲೂ ಸರಿಹೋಗದಷ್ಟು ವಾಲಿದ್ದರೆ ಕ್ಯಾಮೆರಾದಲ್ಲಿ ಆಗುವ ಕೆಲಸವಲ್ಲ ಅದು.

ತಿರುಗಿಸಿದಷ್ಟೂ ಅಂಚು ಕತ್ತರಿಸಿಹೋಗುತ್ತದೆ. ಟ್ರಿಮ್‌ಗಿಂತ ಮೊದಲು ಇದನ್ನು ಮಾಡಿ ಅನ್ನೋದು ಇದಕ್ಕೇ. ಮೊದಲು ಟ್ರಿಮ್ ಮಾಡಿ ಕಾಲಬೆರಳಿನ ಹತ್ತಿರಕ್ಕೆ ಕತ್ತರಿಸಿಟ್ಟು, ಆಮೇಲೆ ಸ್ಟ್ರೇಟನ್ ಮಾಡಿದರೆ ಬೆರಳೇ ಹೋಗುತ್ತದೆ.

ಎತ್ತರದ ಕಟ್ಟಡಕ್ಕೆ ಸ್ಟ್ರೇಟನ್ ಅಲ್ಲ, ಪರ್ಸ್‌ಪೆಕ್ಟಿವ್ ಕಂಟ್ರೋಲ್ ಬೇಕು. ಹಂಪಿ ಬಜಾರಿನಲ್ಲಿ ನಿಂತು ವಿರೂಪಾಕ್ಷ ದೇವಾಲಯದ ಒಂಬತ್ತು ನೆಲೆಯ ಗೋಪುರವನ್ನು ಕ್ಯಾಮೆರಾ ಮೇಲಕ್ಕೆತ್ತಿ ತೆಗೆದರೆ ಗೋಪುರ ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತದೆ, ಅಲ್ವಾ? ಮೇಲೆ ಕೆಳಗೆ ಒತ್ತಿ ಅದನ್ನು ಎಬ್ಬಿಸಬಹುದು. ಆದರೆ ಪೂರ್ತಿ ನೆಟ್ಟಗೆ ಮಾಡಬೇಡಿ. ಗೋಪುರ ಸಹಜವಾಗಿಯೇ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಬಜಾರಿನ ಕಂಬಗಳನ್ನು ನೋಡಿ, ಅವು ನೆಟ್ಟಗಾದಾಗ ನಿಲ್ಲಿಸಿ. ಮೊದಲು ಸ್ಟ್ರೇಟನ್, ಆಮೇಲೆ ಪರ್ಸ್‌ಪೆಕ್ಟಿವ್. ಇದೂ ಅಂಚು ತಿನ್ನುತ್ತದೆ, ಹಾಗಾಗಿ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟು ತೆಗೆಯಿರಿ.

## ಹಂತ 7: ಟ್ರಿಮ್

ಕತ್ತರಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈ ಫೋಟೊ ಎಲ್ಲಿಗೆ ಹೋಗುತ್ತದೆ? 4×6 ಅಥವಾ 8×12 ಪ್ರಿಂಟ್‌ಗೆ ಆದರೆ ಅನುಪಾತ 3:2. 8×10ಕ್ಕೆ 5:4. ಹಿಂದಿನ ಡಯಲ್ ತಿರುಗಿಸಿದರೆ 3:2, 4:3, 5:4, 1:1, 16:9 ಬದಲಾಗುತ್ತವೆ. ಝೂಮ್‌ನ ಎರಡು ಗುಂಡಿಗಳಿಂದ ಚೌಕದ ಅಳತೆ ಹಿಗ್ಗುತ್ತದೆ, ಕುಗ್ಗುತ್ತದೆ. ಬಾಣದ ಗುಂಡಿಗಳಿಂದ ಚೌಕ ಸರಿಯುತ್ತದೆ.

ನಾನು ಮೊದಲ ಸಲ ಅಜ್ಜಿಯ ಫೋಟೊವನ್ನು 16:9ಕ್ಕೆ ಕತ್ತರಿಸಿದ್ದೆ. ಟಿವಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅದನ್ನೇ 8×10 ಪ್ರಿಂಟ್‌ಗೆ ಕೊಟ್ಟೆ. ಕಾಗದಕ್ಕೆ ಹೊಂದಿಸಲು ಎರಡೂ ಪಕ್ಕ ಹೋಗಿ, ಮೊರವೂ ಅವರೆ ಬಿಡಿಸುವ ಕೈಯೂ ಅರ್ಧಕ್ಕೆ ನಿಂತಿದ್ದವು. ತಪ್ಪು ನನ್ನದೇ. ಎರಡನೇ ಸಲ 5:4 ಇಟ್ಟೆ. ಬಕೆಟ್ ಹೋಯಿತು, ಕೈ ಉಳಿಯಿತು.

ಚೌಕ ಹಿಡಿಯುವಾಗ ಪರದೆಯ ಮೂಲೆಯಲ್ಲಿ ಪಿಕ್ಸೆಲ್ ಲೆಕ್ಕ ಬರುತ್ತದೆ. ಒಳ್ಳೆಯ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಅಂತ ಹಿಡಿಯಿರಿ. 4×6ಕ್ಕೆ 1800×1200, 8×10ಕ್ಕೆ 3000×2400. ಅದಕ್ಕಿಂತ ಕೆಳಗೆ ಇಳಿದರೆ ಎಚ್ಚರ. ದೂರದಲ್ಲಿ ಚಿಕ್ಕದಾಗಿ ನಿಂತವರ ಮುಖವನ್ನು ಟ್ರಿಮ್ ಮಾಡಿ ಹತ್ತಿರ ತರೋಕೆ ಹೋದವರಿಗೆ ಸಿಗುವುದು ಮಸುಕು ಮುಖ.

ಟ್ರಿಮ್ ಆದ ಪ್ರತಿಯ ಮೇಲೆ ಮುಂದೆ ಮಾಡಬಹುದಾದ ಕೆಲಸ ಕಡಿಮೆಯಾಗುತ್ತದೆ. ಕ್ಯಾನನ್‌ನ ಹಲವು ಕ್ಯಾಮೆರಾಗಳಲ್ಲಂತೂ ಕ್ರಾಪ್ ಮಾಡಿದ ಫೋಟೊವನ್ನು ಮತ್ತೆ ಕ್ರಾಪ್ ಮಾಡೋಕೂ ಬರುವುದಿಲ್ಲ, ರಿಸೈಜ್ ಮಾಡೋಕೂ ಬರುವುದಿಲ್ಲ. ಆದ್ದರಿಂದ ಇದು ಕೊನೆಯ ಹಂತಗಳ ಕೆಲಸ.

## ಹಂತ 8: ರಿಸೈಜ್, ಬೇಕಿದ್ದರೆ ಮಾತ್ರ

ಪ್ರಿಂಟ್‌ಗೆ ಹೋಗುವ ಫೋಟೊಗೆ ಇದು ಬೇಡವೇ ಬೇಡ. ಮನೆಯವರ ಗುಂಪಿಗೆ ಕಳಿಸೋಕೆ ಒಂದು ಚಿಕ್ಕ ಪ್ರತಿ ಬೇಕಿದ್ದರೆ 1920×1280 ಆರಿಸಿ. 640×424 ಫೋನಿನಲ್ಲೂ ಒಡೆದು ಕಾಣುತ್ತದೆ. ಸ್ನ್ಯಾಪ್‌ಬ್ರಿಡ್ಜ್ (ಕ್ಯಾಮೆರಾದಿಂದ ಫೋನಿಗೆ ಫೋಟೊ ಕಳಿಸುವ ನಿಕಾನ್‌ನ ಆ್ಯಪ್) ಜೊತೆ ಕೆಲಸ ಮಾಡುವ ಮಾಡೆಲ್ ಆದರೆ ಫೋನಿಗೆ ತಾನಾಗಿ ಹೋಗುವ ಪ್ರತಿಯನ್ನು ಸುಮಾರು 2 ಮೆಗಾಪಿಕ್ಸೆಲ್‌ಗೆ ಅದೇ ಇಳಿಸಿ ಕಳಿಸುತ್ತದೆ. ಅಂಥವರಿಗೆ ರಿಸೈಜ್‌ನ ಅಗತ್ಯವೇ ಇಲ್ಲ.

ಒಂದು ಅಪಾಯ: ರಿಸೈಜ್ ಮಾಡಿದ ಪ್ರತಿ ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಮೂಲದಷ್ಟೇ ಚೆನ್ನಾಗಿ ಕಾಣುತ್ತದೆ. ಎರಡೂ ಒಂದೇ ಅಂದುಕೊಂಡು ದೊಡ್ಡದನ್ನು ಅಳಿಸಿದವರಿದ್ದಾರೆ. ಅಳಿಸುವ ಮುಂಚೆ ಫೋಟೊ ಮಾಹಿತಿಯಲ್ಲಿ ಅಳತೆ ಓದಿ.

## ಮಿನಿಯೇಚರ್, ಸ್ಕೆಚ್, ಫಿಶ್‌ಐ ಇತ್ಯಾದಿ

ಇವು ಮಕ್ಕಳಿಗೆ ಇಷ್ಟ. ಸೆಲೆಕ್ಟಿವ್ ಕಲರ್‌ನಲ್ಲಿ ಸೇವಂತಿಗೆ ಮಾತ್ರ ಹಳದಿ ಉಳಿಸಿ ಉಳಿದದ್ದು ಕಪ್ಪು ಬಿಳುಪು ಮಾಡಿದರೆ ಮೊದಲ ಸಲ ಮಜಾ ಇರುತ್ತದೆ. ಮಾಡುವುದಾದರೆ ಹಂತ 6 ಮುಗಿದ ಮೇಲೆ, ಟ್ರಿಮ್‌ಗಿಂತ ಮುಂಚೆ ಮಾಡಿ. ಎಫೆಕ್ಟ್ ಇಲ್ಲದ ಪ್ರತಿ ಒಂದು ಇರಲಿ.

## ಹಂತ 9: ಗುಡಿಸುವುದು

ಪ್ರತಿ ಹಂತಕ್ಕೆ ಒಂದೊಂದು ಪ್ರತಿ ಆಗಿರುತ್ತದೆ. ಮೂಲ ರಾ ಫೈಲ್ ಮತ್ತು ಕೊನೆಯ ಪ್ರತಿ, ಎರಡನ್ನು ಉಳಿಸಿ. ಮಧ್ಯದವನ್ನು ಈಗಲೇ ಅಳಿಸಬೇಡಿ. ಒಂದು ಹಂತ ತಪ್ಪಿದ್ದರೆ ಅದರ ಹಿಂದಿನ ಪ್ರತಿಯಿಂದ ಮತ್ತೆ ಹೊರಡಬಹುದು. ಕೊನೆಯದನ್ನು ಕಂಪ್ಯೂಟರ್‌ನಲ್ಲೋ ಟಿವಿಯಲ್ಲೋ ದೊಡ್ಡದಾಗಿ ನೋಡಿ, ಮುಖದ ಬಣ್ಣ ಒಪ್ಪಿಗೆಯಾದ ಮೇಲೆ ಅಳಿಸಿ. ಜೆಪೆಗ್ ಮೇಲೆ ಜೆಪೆಗ್ ಸೇವ್ ಆದಂತೆಲ್ಲ ಸೂಕ್ಷ್ಮ ವಿವರ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಹಾಗಾಗಿ ಮೂರು ನಾಲ್ಕು ಹಂತಕ್ಕಿಂತ ಜಾಸ್ತಿ ಬೇಕೆನಿಸಿದರೆ ಆ ಫೋಟೊವನ್ನು ಕಂಪ್ಯೂಟರ್‌ಗೆ ಬಿಡಿ.

ಬರೆಯುವಾಗ ಕಾರ್ಡ್ ಬಾಗಿಲ ಹತ್ತಿರದ ಚಿಕ್ಕ ದೀಪ ಉರಿಯುತ್ತಿರುತ್ತದೆ. ಅದು ಆರುವ ತನಕ ಕಾರ್ಡ್ ತೆಗೆಯಬೇಡಿ, ಬ್ಯಾಟರಿಯನ್ನೂ ಮುಟ್ಟಬೇಡಿ.